ರ‍್ಯಾಮ್ ಪಟ್ಟಿಯ ಮೇಲಿನ ಅಂಕಿ

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಹಾಗಾಗಿ ಮೊಮ್ಮಗಳು ಕಂಪ್ಯೂಟರ್ ಮುಂದೆ ಕೂತು ಕರೆದಾಗ ನನಗೆ ಹೆಚ್ಚಿನ ವಿವರ ಬೇಕಾಗಲಿಲ್ಲ.

"ಅಜ್ಜಿ, ಹೊಸ ಪಟ್ಟಿ ಮೇಲೆ ವೇಗ ಮೂರು ಸಾವಿರದ ಇನ್ನೂರು ಅಂತ ಐತೆ. ಒಳಗೆ ನೋಡಿದ್ರೆ ಎರಡು ಸಾವಿರದ ನಾನೂರು ತೋರಿಸ್ತೈತೆ."

"ಅಂದ್ರೆ ಮೋಸ ಆಗೈತೆ," ಎಂದೆ.

"ಹಂಗೇ ಹೇಳಾಕೆ ಬರಲ್ಲ ಅಜ್ಜಿ."

ಅವಳು ಮದುವೆ ಆಲ್ಬಮ್ ಮಾಡಿಕೊಡುತ್ತಾಳೆ. ನಮ್ಮ ಸಂತೇಬೆನ್ನೂರಿನ ಸುತ್ತಮುತ್ತಲಿನ ಫೋಟೋದವರು ಚಿತ್ರ ಕಳಿಸುತ್ತಾರೆ, ಇವಳು ಮನೆಯಲ್ಲೇ ಕೂತು ಪುಟ ಜೋಡಿಸುತ್ತಾಳೆ. ಕಂಪ್ಯೂಟರ್ ನಿಂತು ನಿಂತು ನಡೆಯುತ್ತಿತ್ತು. ರ‍್ಯಾಮ್ ಎಂಬ ಪಟ್ಟಿ ಬದಲಾಯಿಸಿದರೆ ಚುರುಕಾಗುತ್ತದೆ ಎಂದು ಚನ್ನಗಿರಿಯ ಒಂದು ಅಂಗಡಿಯಿಂದ ಎರಡು ಹೊಸ ಪಟ್ಟಿ ತಂದು ತಾನೇ ಕೂರಿಸಿದ್ದಳು. ಅಂಗಡಿ ಇಟ್ಟವಳು ಮೂವತ್ತು ಮೂವತ್ತೈದರ ಹೆಂಗಸು. ತೆರೆದು ಇನ್ನೂ ವರ್ಷ ತುಂಬಿರಲಿಲ್ಲ.

ಪಟ್ಟಿಯ ಮೇಲಿನ ಅಂಕಿ ಕೆತ್ತಿದ್ದಲ್ಲ, ಅಂಟಿಸಿದ ಚೀಟಿ. ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಮೆಕ್ಕೆಜೋಳದ ಚೀಲವನ್ನು ಮೊಣಕೈತನಕ ಕೈ ಹಾಕಿ ನೋಡದೆ ನಾನು ಯಾವತ್ತೂ ಕೊಂಡವಳಲ್ಲ. ಬಾಯಿಯಲ್ಲಿ ಒಣಗಿದ್ದು ಇರುತ್ತದೆ, ತಳದಲ್ಲಿ ಹಸಿಯದ್ದು. ಇದೂ ಅದೇ ಎಂದು ತೀರ್ಮಾನಿಸಿಬಿಟ್ಟೆ.

ಮರುದಿನ ಅಡಿಕೆ ಸುಲಿಯುವ ಮನೆಯಲ್ಲಿ ಹತ್ತು ಹೆಂಗಸರು ಮೆಟ್ಟುಗತ್ತಿ ಮೆಟ್ಟಿಕೊಂಡು ಕೂತಿದ್ದೆವು. ಅಲ್ಲಿ ಕೈಗೆ ಕೆಲಸ, ಬಾಯಿಗೆ ಬಿಡುವು. "ಚನ್ನಗಿರಿಯ ಆ ಹೊಸ ಕಂಪ್ಯೂಟರ್ ಅಂಗಡಿಗೆ ಹೋಗಬ್ಯಾಡ್ರೇ. ಹಳೇ ಸಾಮಾನಿಗೆ ಹೊಸ ಚೀಟಿ ಅಂಟಿಸ್ತಾಳೆ," ಎಂದೆ. ನೋಡಿದವಳ ಹಾಗೆಯೇ ಹೇಳಿದೆ. ಯಾರೂ ಎದುರು ಕೇಳಲಿಲ್ಲ.

ಒಂದು ವಾರ ಕಳೆದ ಮೇಲೆ ಕಂಪ್ಯೂಟರಿನ ಡಬ್ಬವನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಚನ್ನಗಿರಿಗೆ ಹೋದೆವು. ಜಗಳವಾಡಲೆಂದೇ ನಾನು ಹೋಗಿದ್ದು.

ಅಂಗಡಿಯವಳು ಡಬ್ಬ ಬಿಚ್ಚಿ ಒಳಗೆ ಬೆಳಕು ಬಿಟ್ಟಳು. "ನಾನು ಕೊಟ್ಟಿದ್ದು ಎರಡು. ಇಲ್ಲಿ ನಾಲ್ಕು ಕೂತಾವೆ. ಈ ಎರಡು ಯಾರು ಹಾಕಿದ್ದು?"

ಮೊಮ್ಮಗಳು ನನ್ನ ಕಡೆ ನೋಡಿದಳು.

ಹಾಕಿಸಿದವಳು ನಾನೇ. ಹಳೆಯ ಎರಡು ಪಟ್ಟಿಗಳನ್ನು ಅವಳು ತೆಗೆದಿಟ್ಟಿದ್ದಳು. ಪಕ್ಕದಲ್ಲಿ ಎರಡು ಸಂದು ಖಾಲಿ ಇದ್ದವು. ಮುರಿಯದ ಸಾಮಾನನ್ನು ಮೂಲೆಗೆ ಹಾಕುವ ಮನೆ ನಮ್ಮದಲ್ಲ. ಸೀರೆ ಹರಿದರೆ ಕೌದಿಗೆ ಬರುತ್ತದೆ, ಕೌದಿ ಹರಿದರೆ ಎಮ್ಮೆಯ ಮೈ ಒರೆಸಲು ಬರುತ್ತದೆ. "ಜಾಗ ಐತಲ್ಲ, ಅವನ್ನೂ ಕೂರಿಸು," ಎಂದು ಗದರಿಸಿ ಕೂರಿಸಿದ್ದೆ.

"ಹಾಕಿದ್ರೆ ಏನಾತು? ಗಟ್ಟಿಯಾಗೇ ಐದಾವಲ್ಲ," ಎಂದೆ.

"ಗಟ್ಟಿ ಐದಾವೆ ಅಜ್ಜಿ, ಆದ್ರೆ ನಿಧಾನ. ನಾಲ್ಕೂ ಜತೆಗೇ ನಡೀಬೇಕು. ನಿಧಾನದ್ದು ಎಷ್ಟು ನಡೀತೈತೋ ಉಳಿದವೂ ಅಷ್ಟೇ ನಡೀತಾವೆ."

ನನ್ನ ತವರು ಜಗಳೂರು ಕಡೆ, ಸೊಕ್ಕೆ. ಅಪ್ಪನಿಗೆ ಒಂದು ಚುರುಕಿನ ಎತ್ತು, ಒಂದು ಸೋಮಾರಿ ಎತ್ತು ಇದ್ದವು. ಒಂದೇ ನೊಗಕ್ಕೆ ಕಟ್ಟಿದರೆ ಚುರುಕಿನದೂ ಕಾಲೆಳೆಯುತ್ತಿತ್ತು. ಅವಳ ಮಾತು ನನಗೆ ಅರ್ಥವಾಯಿತು. ಅರ್ಥವಾದದ್ದನ್ನು ಮುಖದಲ್ಲಿ ತೋರಿಸಲಿಲ್ಲ.

ಹಳೆಯ ಎರಡನ್ನು ತೆಗೆದು ಚಾಲೂ ಮಾಡಿದಳು. ಎರಡು ಸಾವಿರದ ಆರುನೂರ ಅರವತ್ತಾರು.

"ಈಗೇನಂತೀಯವ್ವಾ?" ಎಂದೆ. ಒಳಗೊಳಗೇ ಖುಷಿಯಾಯಿತು.

"ತಡೀರಿ. ಇದು ಹೊಸದಾಗಿ ಬಂದಾಗ ಹುಷಾರಾಗಿ ಮೆಲ್ಲಗೇ ಓಡ್ತೈತೆ. ಪೂರ್ತಿ ಓಡು ಅಂತ ಒಂದು ಸಲ ಒಳಗೆ ಹೋಗಿ ಹೇಳ್ಬೇಕು. ಅದನ್ನ ನಿಮ್ಮ ಹುಡುಗಿಗೆ ಹೇಳಿ ಕಳಿಸ್ಬೇಕಿತ್ತು, ಅದು ನನ್ನ ತಪ್ಪು."

ಆರಿಸಿ ಮತ್ತೆ ಹಚ್ಚಿ, ಕಪ್ಪು ಪರದೆಯಲ್ಲಿ ಏನೋ ಒತ್ತಿದಳು. ಮೂರು ಸಾವಿರದ ಇನ್ನೂರು ಬಂತು.

"ನೀನೇ ಅಂಕಿ ತಿದ್ದಿದೆ. ತಕ್ಕಡಿ ಬೆರಳಲ್ಲಿ ಒತ್ತಿದ್ರೆ ನಾನೂ ತೂಕ ತೋರಿಸ್ತೀನಿ."

ಅವಳು ನಕ್ಕಳು. "ಹಂಗಾದ್ರೆ ಕೂತ್ಕಳ್ರಿ. ಪರೀಕ್ಷೆಗೆ ಹಾಕ್ತೀನಿ. ಆ ವೇಗ ತಡಕಣಾಕೆ ಆಗಲಿಲ್ಲಂದ್ರೆ ಕೆಂಪು ಸಾಲು ಬರ್ತೈತೆ."

ಕೂತೆ. ಟೀ ತರಿಸಿದಳು, ಕುಡಿಯಲಿಲ್ಲ. ಪರದೆಯಿಂದ ಕಣ್ಣು ಕೀಳಲಿಲ್ಲ. ಒಂದೂವರೆ ಗಂಟೆಯಾದರೂ ಕೆಂಪು ಬರಲಿಲ್ಲ.

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಗಂಡಸು ಬಂದ. ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು, ಒಳಗೆ ಕಾಲಿಡಲಿಲ್ಲ. "ಹಳೇ ಸಾಮಾನಿಗೆ ಹೊಸ ಚೀಟಿ ಅಂಟಿಸ್ತೀರಂತೆ, ಹೌದೇನ್ರೀ?"

ಮಾತು ನನ್ನದೇ, ಒಂದಕ್ಷರವೂ ಬದಲಾಗಿರಲಿಲ್ಲ.

ಅವಳ ಮುಖ ಇಳಿಯಿತು. ಅವನು ಉತ್ತರಕ್ಕೂ ಕಾಯದೆ ಹೋದ. "ಈ ವಾರ ಹಿಂಗೆ ಕೇಳಿದೋರು ಇವರು ನಾಲ್ಕನೆಯವರು," ಎಂದಳು ಅವಳು. "ಕೇಳದೇ ಹೋದೋರು ಎಷ್ಟು ಜನಾನೋ. ಹಿಂಗೇ ಆದ್ರೆ ಈ ಅಂಗಡಿ ಬಾಗಿಲು ಹಾಕ್ಬೇಕಾಗ್ತೈತೆ. ಯಾರು ಹಬ್ಬಿಸಿದ್ರೋ ಗೊತ್ತಿಲ್ಲ."

ನಾನೇ ಎನ್ನದೆ ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿದೆ. ಬಸ್ಸಿನಲ್ಲಿ ಮೊಮ್ಮಗಳು ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

ಮರುದಿನ ಸುಲಿಯುವ ಮನೆಯಲ್ಲಿ ಹೇಳಿದೆ: "ಆ ಹೆಂಗಸಿನದೇನೂ ತಪ್ಪಿಲ್ಲ. ತಪ್ಪು ನಂದು."

"ಏನು ಕೊಟ್ಟು ಬಾಯಿ ಮುಚ್ಚಿಸಿದ್ಲೇ ನಿಂಗೆ?" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಎತ್ತಿನ ಕಥೆ ಹೇಳಿ ತಿಳಿಸಿದೆ, ಕಪ್ಪು ಪರದೆಯದ್ದನ್ನೂ ಹೇಳಿದೆ. "ಅವ್ಳು ಹೇಳಿಕೊಟ್ಟಿದ್ದನ್ನ ಚೆನ್ನಾಗಿ ಒಪ್ಪಿಸ್ತೀಯ ಬಿಡು," ಎಂದಳು ಇನ್ನೊಬ್ಬಳು. ಬೈದಾಗ ಪುರಾವೆ ಕೇಳದವರು ಈಗ ಪುರಾವೆ ಕೇಳಿದರು. ನನಗೆ ಸಿಟ್ಟು ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಅನುಮಾನಿಸುತ್ತಿದ್ದೆ.

ಎರಡು ದಿನ ಬಿಟ್ಟು ಒಬ್ಬಳೇ ಚನ್ನಗಿರಿಗೆ ಹೋದೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ.

"ಆ ಮಾತು ಹಬ್ಬಿಸಿದೋಳು ನಾನು," ಎಂದೆ.

ಅವಳು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ದು ಒಳ್ಳೇದಾತು. ಕೂತ್ಕಳ್ರಿ ಅಂತ ಇವತ್ತು ಅನ್ನಲ್ಲ. ನಿಮ್ಮ ಮಾತು ಕೇಳಿ ಹೋದೋರನ್ನ ನೀವೇ ಕರ್ಕಂಡು ಬರ್ರಿ," ಎಂದಳು.

ಅದು ನ್ಯಾಯವಾದ ಮಾತು. ಇಲ್ಲಿಯವರೆಗೆ ಇಬ್ಬರನ್ನು ಕರೆದೊಯ್ದಿದ್ದೇನೆ. ಇಬ್ಬರೂ ದಾರಿಯುದ್ದಕ್ಕೂ ನನಗೆ ಇದರಲ್ಲಿ ಏನು ಸಿಗುತ್ತದೆ ಎಂದು ಕೇಳಿದರು. ಏನೂ ಇಲ್ಲ ಎಂದೆ. ನಂಬಲಿಲ್ಲ, ಆದರೂ ಬಂದರು.