ಮೇಡಂ ಒಬ್ಬರಿಗೇ ಆಗುತ್ತಿದ್ದ ಲಾಗಿನ್

ಹೋದ ವಾರ ನಾದಿನಿಯ ಮದುವೆಗೆಂದು ಬೀರು ತೆರೆದು ರೇಷ್ಮೆ ಸೀರೆ ಹೊರಗೆಳೆದಾಗ ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಮಂಚದ ಮೇಲೆ ಕೂತುಬಿಟ್ಟೆ. ಬೇರೆಯವರಿಗೆ ಆ ವಾಸನೆಯಿಂದ ಮದುವೆ ಮುಂಜಿಗಳು ನೆನಪಾಗಬಹುದು. ನನಗೆ ನೆನಪಾಗುವುದು ಮೈಸೂರಿನ ಜಯಲಕ್ಷ್ಮಿಪುರಂನ ಒಂದು ಖಾಸಗಿ ಕಾಲೇಜಿನ ಆಫೀಸು, ಮತ್ತು ಅಲ್ಲಿನ ಸೂಪರಿಂಟೆಂಡೆಂಟ್ ಮೇಡಂ. ಫೈಲುಗಳ ಬೀರುವಿನಲ್ಲಿ, ಮೇಜಿನ ಡ್ರಾಯರಿನಲ್ಲಿ, ಕೊನೆಗೆ ಸರ್ವರ್ ಇಟ್ಟಿದ್ದ ಕಬ್ಬಿಣದ ಕಪಾಟಿನ ತಲೆಯ ಮೇಲೂ ಅವರು ನುಸಿಗುಳಿಗೆ ಇಡುತ್ತಿದ್ದರು. ಕಂಪ್ಯೂಟರಿಗೆ ನುಸಿ ಹಿಡಿಯುವುದಿಲ್ಲ ಎಂದರೆ, ‘ಹಿಡಿಯಲ್ಲ ಅಂತ ನಿನಗೆ ಯಾರು ಹೇಳಿದ್ದು?’ ಎಂದು ನನ್ನನ್ನೇ ಗುರಾಯಿಸುತ್ತಿದ್ದರು.

ಯಾರನ್ನೂ ನಂಬದಿರುವುದು ಅವರಿಗೆ ಒಂದು ವ್ರತದ ಹಾಗಿತ್ತು. ಹಾಲಿನವನು, ಹೂವಿನವಳು, ಆಟೋದ ಮೀಟರು, ಪ್ರಾಂಶುಪಾಲರ ರಜೆ ಅರ್ಜಿ, ಎಲ್ಲದರ ಮೇಲೂ ಒಂದೇ ಸಮನಾದ ಅನುಮಾನ. ಅದರಲ್ಲಿ ಭೇದಭಾವ ಮಾಡುತ್ತಿರಲಿಲ್ಲ. ಸಂಜೆ ಹೊರಡುವಾಗ ಹಾಕಿದ ಬೀಗವನ್ನು ಜಗ್ಗಿ ನೋಡುವರು, ಗೇಟಿನ ತನಕ ಹೋಗಿ ವಾಪಸು ಬಂದು ಮತ್ತೆ ಜಗ್ಗುವರು. ಆಫೀಸಿನ ಗೋಡೆ ಗಡಿಯಾರಗಳನ್ನೆಲ್ಲ ಹತ್ತು ನಿಮಿಷ ಮುಂದೆ ಇಟ್ಟಿದ್ದರು. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇರುವ ಪದ್ಧತಿಯೇ ಅದು. ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತದೆ, ಆ ಹತ್ತು ನಿಮಿಷವನ್ನು ಮನಸ್ಸಿನಲ್ಲೇ ಕಳೆದು ಆರಾಮಾಗಿ ಹೊರಡುತ್ತಾರೆ. ಆದರೆ ಮೇಡಂ ಆಫೀಸಿನಲ್ಲಿ ಹಾಗೆ ಕಳೆಯಲು ಬಿಡುತ್ತಿರಲಿಲ್ಲ. ಗೋಡೆಯ ಮೇಲೆ ಎಷ್ಟಿದೆಯೋ ಅದೇ ಸಮಯ.

ನಾನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಆಡಳಿತ ಮಂಡಳಿಯ ಕಾರ್ಯದರ್ಶಿ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವರುಣಾದ ಕಡೆಯ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗಿ ಮಾಡುತ್ತಿದ್ದೆ. ಮನೆಯಲ್ಲಿ ನನ್ನ ಸಂಬಳ ನಂಬಿ ತಮ್ಮನನ್ನು ಪಾಲಿಟೆಕ್ನಿಕ್ಕಿಗೆ ಸೇರಿಸಿದ್ದರು. ಬಸ್ಸು ಎಷ್ಟೇ ಓಡಿದರೂ ಮೇಡಂ ಅವರ ಗಡಿಯಾರಕ್ಕೆ ನಾನು ತಡವೇ. ‘ನಿಮ್ಮೂರ ಬಸ್ಸಿಗೆ ಬರೋ ದಾರಿ ಮರ್ತೋಗತ್ತೇನಮ್ಮ ದಿನಾ?’ ಎನ್ನುವರು. ನಾನು ತಲೆ ತಗ್ಗಿಸಿ, ಒಳಗೊಳಗೇ ಬೈದುಕೊಂಡು, ನನ್ನ ಜಾಗಕ್ಕೆ ಹೋಗುತ್ತಿದ್ದೆ.

ಆ ವರ್ಷ ಕಾಲೇಜಿನಲ್ಲಿ ಹೊಸ ಏರ್ಪಾಡು ಬಂತು. ಅದುವರೆಗೆ ಒಂದೊಂದು ಕಂಪ್ಯೂಟರಿಗೆ ಒಂದೊಂದು ಪಾಸ್‌ವರ್ಡು, ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿರುತ್ತಿದ್ದರು. ಈಗ ಎಲ್ಲರ ಹೆಸರು, ಎಲ್ಲರ ಪಾಸ್‌ವರ್ಡು ಒಂದೇ ಸರ್ವರಿನಲ್ಲಿ. ಅಂಕ ತುಂಬಿಸಲಿ, ಫೀಸು ನೋಡಲಿ, ಮೊದಲು ಅದರ ಮುಂದೆ ನಿಂತು ನಾನು ಇಂಥವನು ಎಂದು ಒಪ್ಪಿಸಬೇಕು. ಬೆರಳು ಒತ್ತುವ ಹಾಜರಿ ಯಂತ್ರವೂ ಅದರಿಂದಲೇ ಸಮಯ ತೆಗೆದುಕೊಳ್ಳುತ್ತಿತ್ತು. ಸರ್ವರಿನ ದೊಡ್ಡ ಪಾಸ್‌ವರ್ಡು ನನ್ನೊಬ್ಬಳ ಕೈಯಲ್ಲಿರುವುದು ಬೇಡವೆಂದು ಕಾರ್ಯದರ್ಶಿಗಳು ಮೇಡಂ ಅವರಿಗೂ ಕೊಡಿಸಿದ್ದರು. ಆ ಕೋಣೆಯ ಬೀಗದ ಕೈಯಂತೂ ಮೊದಲಿನಿಂದಲೂ ಮೇಡಂ ಸೊಂಟದಲ್ಲೇ ಇತ್ತು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಯಾರಿಗೂ ಲಾಗಿನ್ ಆಗಲಿಲ್ಲ. ಸರಿಯಾದ ಪಾಸ್‌ವರ್ಡು ಒತ್ತಿದರೂ ಹೊರಗೆ ತಳ್ಳುತ್ತಿತ್ತು. ನಾನು ಅದು ಇದು ಕೆದಕುತ್ತಾ ಕೂತೆ, ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಯಿತು. ಮಾರನೆಯ ಬೆಳಗ್ಗೆ ಮತ್ತೆ ಅದೇ. ಹೀಗೇ ದಿನಾ... ಅದೂ ಇಂಟರ್ನಲ್ ಅಂಕಗಳನ್ನು ತುಂಬಿಸುವ ಕಾಲದಲ್ಲಿ. ಮೇಷ್ಟರುಗಳು ನನ್ನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ರೋಗವಿದ್ದರೆ ದಿನವಿಡೀ ಇರಬೇಕು. ಊಟದ ಹೊತ್ತಿಗೆ ವಾಸಿಯಾಗುವ ರೋಗವನ್ನು ನಾನು ಕಂಡಿರಲಿಲ್ಲ. ಇದು ಯಂತ್ರದ ಕೆಲಸವಲ್ಲ, ಯಾರದೋ ಕೈವಾಡ ಎಂದು ನನಗೆ ಖಾತ್ರಿಯಾಗತೊಡಗಿತು.

ಅನುಮಾನಕ್ಕೆ ಎಣ್ಣೆ ಹುಯ್ದವರು ಅಕೌಂಟ್ಸ್ ಗುಮಾಸ್ತರು. ಒಂದು ದಿನ ನನ್ನ ಮೇಜಿನ ಹತ್ತಿರ ಬಗ್ಗಿ, ಆಚೀಚೆ ನೋಡಿ, ಪಿಸುಗುಟ್ಟಿದರು.

‘ನಮಗೆ ಯಾರ್ಗೂ ಆಗಾಕಿಲ್ಲ. ಆ ಮೇಡಂ ಒಬ್ರಿಗೆ ಮಾತ್ರ ಬೆಳಗ್ಗೆ ಬೆಳಗ್ಗೇನೇ ಲಾಗಿನ್ ಆಯ್ತದೆ. ಎಂಗೆ ಅಂತ ಒಸಿ ಯೋಚ್ನೆ ಮಾಡಮ್ಮ.’

ಹೋಗಿ ನೋಡಿದೆ. ನಿಜ! ಇಡೀ ಕಾಲೇಜು ಹೊರಗೆ ನಿಂತಿದ್ದರೆ ಮೇಡಂ ಒಬ್ಬರೇ ಒಳಗೆ ಕೂತು ಟಕಟಕ ಕೆಲಸ ಮಾಡುತ್ತಿದ್ದರು. ನಾನು ಇಣುಕಿದ್ದನ್ನು ಕಂಡು ಪರದೆಯನ್ನು ಸ್ವಲ್ಪ ತಮ್ಮ ಕಡೆಗೆ ತಿರುಗಿಸಿಕೊಂಡರು.

ಅಷ್ಟರಲ್ಲಿ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ‘ನೋಡಿ, ಎಲ್ಲರನ್ನೂ ಹೊರಗಿಟ್ಟು ಯಾರೋ ಅಂಕ ತಿದ್ದುತ್ತಿದಾರೆ ಅಂತ ಮಾತು ಬಂದಿದೆ. ಸರ್ವರ್ ನಿಮ್ಮ ಕೈಲಿದೆ. ಈ ವಾರದೊಳಗೆ ಸರಿಹೋಗದಿದ್ದರೆ ನೀವು ಬೇರೆ ಕಡೆ ನೋಡ್ಕೊಳ್ಳಿ’ ಎಂದರು. ದನಿ ಏರಿಸಲಿಲ್ಲ. ಕೆಲಸ ಹೋಗುವುದೊಂದು, ಕಳ್ಳಿ ಅನ್ನಿಸಿಕೊಂಡು ಹೋಗುವುದು ಇನ್ನೊಂದು. ಹಾಗೆ ಹೋದವಳಿಗೆ ಈ ಊರಿನಲ್ಲಿ ಯಾವ ಕಾಲೇಜೂ ಬಾಗಿಲು ತೆರೆಯುವುದಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ. ಮನೆಯಲ್ಲಿ ಹೇಳಲಿಲ್ಲ.

ಸರ್ವರ್ ತಾನು ಮಾಡಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತದೆ. ಅದನ್ನು ಮೊದಲೂ ನೋಡಿದ್ದೆ. ಸಮಯ ತಾಳೆಯಾಗುತ್ತಿಲ್ಲ ಎಂದು ಅದು ಬೆಳಗಿನ ಪ್ರತಿ ಲಾಗಿನ್ನಿಗೂ ಹೇಳುತ್ತಿತ್ತು. ಆದರೆ ಕೋಣೆಗೆ ಹೋಗಲು ನನಗೆ ಬೀಗದ ಕೈ ಸಿಗುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತಿತ್ತು, ಆಗ ನೋಡಿದರೆ ಅದರ ಗಡಿಯಾರ ನನ್ನ ಫೋನಿಗೆ ಸರಿಯಾಗಿ ಹೊಂದುತ್ತಿತ್ತು. ಯಂತ್ರವೂ ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಈ ಲಾಗಿನ್ನಿನ ಏರ್ಪಾಡೇ ಒಂದು ಅನುಮಾನದ ಪ್ರಾಣಿ. ನೀವು ನೀವೇ ಎಂದು ಒಪ್ಪಿದ ಮೇಲೆ ಅದು ಸಮಯ ಒತ್ತಿದ ಒಂದು ಚೀಟಿ ಕೊಡುತ್ತದೆ. ನಿಮ್ಮ ಕಂಪ್ಯೂಟರಿನ ಗಡಿಯಾರಕ್ಕೂ ಅದರ ಗಡಿಯಾರಕ್ಕೂ ನಾಲ್ಕಾರು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಯಾರೋ ಹಳೆಯ ಚೀಟಿ ಕದ್ದು ತಂದಿದ್ದಾರೆಂದು ತಿಳಿದು ಬಾಗಿಲು ಮುಚ್ಚುತ್ತದೆ. ಹಾಗಾದರೆ ಬೆಳಗ್ಗೆ ಯಾರೋ ಅದರ ಗಡಿಯಾರ ಮುಟ್ಟುತ್ತಿರಬೇಕು. ಯಾರು ಎಂದು ಯೋಚಿಸಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

ಮಾರನೆಯ ದಿನ ಮೊದಲ ಬಸ್ಸಿಗೇ ಬಂದೆ. ಆಫೀಸಿನ ಕಸ ಗುಡಿಸುವುದು ಇನ್ನೂ ಮುಗಿದಿರಲಿಲ್ಲ. ಸರ್ವರ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಡಂ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಏರಿಸಿ, ಒಮ್ಮೆ ಗೋಡೆ ಗಡಿಯಾರ ನೋಡುತ್ತಾ ಒಮ್ಮೆ ಪರದೆ ನೋಡುತ್ತಾ ಒಂದೊಂದೇ ಅಂಕಿ ಒತ್ತುತ್ತಿದ್ದರು. ಸಿಕ್ಕಿಬಿದ್ದರು ಎಂದುಕೊಂಡೆ.

‘ಏನ್ ಮಾಡ್ತಿದೀರಿ ಮೇಡಂ?’

ಅವರು ಬೆಚ್ಚಲಿಲ್ಲ. ನಿಧಾನವಾಗಿ ತಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘ಬಂದ್ಯಾ? ಇವತ್ತು ಬೇಗ ಬಂದ್ಬುಟ್ಟಿದೀಯ, ಯಾಕೆ? ದಿನಾ ಬೆಳಗ್ಗೆ ನಾನು ಆಫೀಸ್ ಟೈಮಿಗೆ ಸರಿಮಾಡ್ತೀನಿ, ಮಾರನೇ ದಿನ ಬಂದ್ರೆ ಮತ್ತೆ ಹಿಂದಕ್ಕೆ ಹೋಗಿರತ್ತೆ. ಲೇಟಾಗಿ ಬರೋರು ಹಾಜರೀಲಿ ಸಿಕ್ಕಿಹಾಕ್ಕೋಬಾರ್ದು ಅಂತ ಯಾರೋ ತಿರುಗಿಸ್ತಿದಾರೆ. ಯಾರು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?’

ಅವರು ಕಾಯುತ್ತಿದ್ದದ್ದು ನನ್ನನ್ನು! ಲೇಟಾಗಿ ಬರುವ ಹಳ್ಳಿ ಬಸ್ಸಿನ ಹುಡುಗಿ, ಸರ್ವರಿನ ಪಾಸ್‌ವರ್ಡು ಕೈಯಲ್ಲಿರುವವಳು. ಅವರ ಲೆಕ್ಕ ತಪ್ಪೆಂದು ಹೇಗೆ ಹೇಳಲಿ, ನನ್ನ ಲೆಕ್ಕವೂ ಅಂಥದ್ದೇ ಆಗಿತ್ತು. ಸರ್ವರ್ ಕೂರಿಸಲು ಬಂದವರ ಹತ್ತಿರ ಮೇಡಂ ಗಡಿಯಾರ ತಿದ್ದುವುದೊಂದನ್ನು ಕೇಳಿ ಕಲಿತಿದ್ದರಂತೆ. ತಮ್ಮ ಮೇಜಿನ ಕಂಪ್ಯೂಟರನ್ನೂ ಗೋಡೆ ಗಡಿಯಾರದ ಹಾಗೆ ಹತ್ತು ನಿಮಿಷ ಮುಂದೆ ಇಟ್ಟುಕೊಂಡಿದ್ದರು, ಅದಕ್ಕೇ ಬೆಳಗ್ಗೆ ಅವರೊಬ್ಬರಿಗೆ ಲಾಗಿನ್ ಆಗುತ್ತಿತ್ತು. ಮಿಕ್ಕವರ ಕಂಪ್ಯೂಟರುಗಳು ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಪಡೆಯುತ್ತಿದ್ದವು. ಸರ್ವರ್ ಕೂಡ ಅಲ್ಲಿಂದಲೇ ಕೇಳಿ ತಿಳಿದು, ಮಧ್ಯಾಹ್ನದೊಳಗೆ ತನ್ನ ಗಡಿಯಾರವನ್ನು ತಾನೇ ಹಿಂದಕ್ಕೆ ತಂದುಕೊಳ್ಳುತ್ತಿತ್ತು.

ಇದನ್ನೆಲ್ಲ ಅವರಿಗೆ ಹೇಳಿದೆ. ಮೇಡಂ ನಂಬಲಿಲ್ಲ. ಅಕೌಂಟ್ಸ್ ಗುಮಾಸ್ತರು ಬಂದ ಕೂಡಲೇ ಅವರನ್ನು ಕೂರಿಸಿ ಲಾಗಿನ್ ಮಾಡಿಸಿದರು, ಆಗಲಿಲ್ಲ. ನಾನು ಸರ್ವರಿನ ಸಮಯ ಸರಿಮಾಡಿದೆ. ಮತ್ತೆ ಮಾಡಿಸಿದರು, ಆಯಿತು. ಮೇಡಂ ತಾವೇ ಮುಂದಿಟ್ಟು ಇನ್ನೊಮ್ಮೆ ನೋಡಿದರು. ಮತ್ತೆ ಹೊರಗೆ ತಳ್ಳಿತು. ಗುಮಾಸ್ತರು ನನ್ನ ಮುಖ, ಅವರ ಮುಖ ನೋಡಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಮೇಡಂ ಸೆರಗು ಬಿಡಿಸಿಕೊಂಡು, ನೆಟ್ಟಗೆ ಕಾರ್ಯದರ್ಶಿಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮುಗಿಯಿತು, ಎಲ್ಲವನ್ನೂ ನನ್ನ ತಲೆಗೆ ಕಟ್ಟುತ್ತಾರೆ ಎಂದೇ ನಾನು ತಿಳಿದಿದ್ದೆ. ನನ್ನ ಚೀಲ, ಊಟದ ಡಬ್ಬಿ ಎತ್ತಿಟ್ಟುಕೊಂಡು ಕೂಡ ಆಗಿತ್ತು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದರು. ಮೇಡಂ ಗೋಡೆಯ ಪಕ್ಕ ನಿಂತಿದ್ದರು, ಕುರ್ಚಿ ಇದ್ದರೂ ಕೂತಿರಲಿಲ್ಲ. ‘ನಿಮ್ಮ ಮೇಡಂ ಇದೆಲ್ಲ ತಮ್ಮ ಕೈಯಿಂದಲೇ ಆಗಿದ್ದು ಅಂತಿದಾರೆ. ನಿಮ್ಮನ್ನ ಉಳಿಸೋಕೆ ಹೇಳ್ತಿಲ್ಲ ತಾನೆ?’ ಎಂದು ಕಾರ್ಯದರ್ಶಿಗಳು ಕೇಳಿದರು. ಮೇಡಂ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ‘ಇವಳನ್ನ ಉಳಿಸೋಕೆ ನನಗೇನಾಗಬೇಕು ಸರ್? ಗಡಿಯಾರ ಮುಂದೆ ಇಟ್ಟಿದ್ದು ನಾನು. ಲಾಗಿನ್ ನಿಂತಿದ್ದು ಅದರಿಂದ. ಇವಳ ತಪ್ಪಿಲ್ಲ’ ಎಂದರು.

ನನ್ನ ಕೆಲಸ ಉಳಿಯಿತು. ಅವರ ಸೊಂಟದಲ್ಲಿದ್ದ ಬೀಗದ ಕೈಗಳು ಹೋದವು. ಸರ್ವರ್ ಕೋಣೆಯದನ್ನು ಅವರೇ ನನ್ನ ಮೇಜಿಗೆ ತಂದಿಟ್ಟು, ‘ಜಗ್ಗಿ ನೋಡಿ ಹೋಗು’ ಎಂದಷ್ಟೇ ಹೇಳಿದರು. ಹಿಂದಿನಿಂದ ಜನ ಅವರನ್ನು ಆಡಿಕೊಂಡು ನಗುತ್ತಿದ್ದರು. ಅಷ್ಟು ಜನರ ಮೇಲೆ ಕಣ್ಣಿಟ್ಟವರಿಗೆ ತಮ್ಮ ಮೇಲಿನ ನಗು ಕಾಣಿಸದೆ ಇದ್ದೀತೆ? ನಿವೃತ್ತಿಯವರೆಗೂ ತಲೆ ಎತ್ತಿಕೊಂಡೇ ಓಡಾಡಿದರು. ಅವರು ನನ್ನನ್ನು ನಂಬಿದರಲ್ಲ ಎಂದು ನನಗೆ ಒಳಗೇ ಹೆಮ್ಮೆ. ಇಡೀ ಮೈಸೂರಿನಲ್ಲಿ ಅವರು ನಂಬಿದ್ದು ನನ್ನೊಬ್ಬಳನ್ನೇ ಎಂದು ಗಂಡನ ಹತ್ತಿರವೂ ಜಂಬ ಕೊಚ್ಚಿಕೊಂಡಿದ್ದೇನೆ...

ಆಮೇಲೆ ನಾನು ಬೇರೆ ಕಡೆ ಕೆಲಸಕ್ಕೆ ಸೇರಿದೆ, ಮದುವೆಯಾಯಿತು, ಮಗುವಾಯಿತು. ಒಂದೇ ಊರಿನಲ್ಲಿದ್ದೂ ನೋಡಲು ಹೋಗಲಿಲ್ಲ. ಮೊನ್ನೆ ಮನಸ್ಸು ತಡೆಯದೆ, ಹಣ್ಣು ಹಿಡಿದುಕೊಂಡು ಕೃಷ್ಣಮೂರ್ತಿಪುರಂನ ಅವರ ಮನೆ ಹುಡುಕಿ ಹೋದೆ. ಬಾಗಿಲು ತೆಗೆದವರು ಅವರ ತಂಗಿ. ಮೇಡಂ ತೀರಿಕೊಂಡು ವರ್ಷವಾಗುತ್ತಾ ಬಂತೆಂದು ಅವರಿಂದಲೇ ತಿಳಿಯಿತು. ನನಗೆ ಹಣ್ಣನ್ನು ಎಲ್ಲಿಡಬೇಕೆಂದೇ ಗೊತ್ತಾಗಲಿಲ್ಲ.

‘ಕಂಪ್ಯೂಟರ್ ಹುಡುಗಿ ಅಂದ್ರೆ ನೀವೇನಾ?’ ಎಂದು ಕೂರಿಸಿ ಕಾಫಿ ಕೊಟ್ಟರು. ‘ಬೇಜಾರ್ ಮಾಡ್ಕೋಬೇಡಿ ಕಣಮ್ಮ. ಆ ಗಡಿಯಾರ ಹಿಂದಕ್ಕೆ ತಿರುಗಿಸ್ತಿದ್ದಿದ್ದು ನೀವೇ ಅನ್ನೋ ಅನುಮಾನ ಅಕ್ಕನಿಗೆ ಕೊನೇವರೆಗೂ ಹೋಗ್ಲಿಲ್ಲ. ಮೆಷಿನ್ನು ತಾನೇ ತಿದ್ಕೊಳ್ಳತ್ತೆ ಅಂದ್ರೆ ನಗ್ತಿದ್ಲು’ ಎಂದರು.

‘ಮತ್ತೆ ನನ್ನ ತಪ್ಪಿಲ್ಲ ಅಂತ ಯಾಕೆ ಹೇಳಿದ್ರು?’

‘ನಾನೂ ಅದೇ ಕೇಳ್ದೆ. ನಾನು ಮಾಡಿದ್ದು ನನಗೆ ಗೊತ್ತು ಕಣೇ, ಅವಳು ಮಾಡಿದ್ಲು ಅನ್ನೋದು ಬರೀ ಅನುಮಾನ. ಅಷ್ಟಕ್ಕೇ ಒಂದು ಹೆಣ್ಣುಮಗಳ ಅನ್ನ ಕಿತ್ಕೊಳೋಕಾಗತ್ತಾ ಅಂದ್ಲು.’

ಕಾಫಿ ಲೋಟ ಕೆಳಗಿಟ್ಟು ಎದ್ದೆ. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತು ಅತ್ತುಬಿಟ್ಟೆ, ಬೀದಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದು. ಅವರು ನನ್ನನ್ನು ನಂಬಿದ್ದರಿಂದ ಉಳಿಸಿದರು ಅಂದುಕೊಂಡಿದ್ದೆ. ನಂಬದೆಯೇ ಉಳಿಸಿದ್ದರು. ನಾನಲ್ಲ ಮೇಡಂ, ಅದು ತಾನೇ ಸರಿಹೋಗುತ್ತಿತ್ತು ಎಂದು ಇನ್ನೊಂದು ಸಲ ಕೂತು ಬಿಡಿಸಿ ಹೇಳಬೇಕಿತ್ತು... ಅವರು ಒಪ್ಪುತ್ತಿರಲಿಲ್ಲ, ಗೊತ್ತು. ಆದರೂ ಹೇಳಬೇಕಿತ್ತು.