ಸಣ್ಣ ದನಿ

ಮೋರಿಯಣ್ಣನಿಗೆ ಹೇಸಿಗೆ ಅನ್ನುವುದೇ ಗೊತ್ತಿರಲಿಲ್ಲ. ಕಟ್ಟಿಕೊಂಡ ಕಕ್ಕಸಿನ ಪೈಪಿಗೆ ಮೊಣಕೈವರೆಗೆ ಕೈ ಹಾಕಿ ಕೂದಲು, ಜಿಡ್ಡು, ಹೆಸರು ಹೇಳಲಾಗದ ಇನ್ನೇನನ್ನೋ ಎಳೆದು ಬಿಸಾಕಿ, ಕೈ ತೊಳೆದು, ಅದೇ ಮನೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವ ಆಸಾಮಿ. ಮನೆಯವರು ಮೂಗು ಮುಚ್ಚಿಕೊಂಡರೆ, ನಿಮ್ಮದೇ ಮಾಲು ಅಲ್ಲವೇ, ನಾನೇನು ತಂದು ಸುರಿದೆನೇ ಅಂತ ನಗುತ್ತಿದ್ದ. ಅಂಥವನಿಗೆ ಐವತ್ತು ದಾಟಿದ ಮೇಲೆ ಹೇಸಿಗೆ ಹುಟ್ಟಿತು. ಅದೂ ಯಾವುದರ ಮೇಲೆ? ಕೈಹಿಡಿದ ಹೆಂಡತಿಯ ದನಿಯ ಮೇಲೆ.

ಆದದ್ದಿಷ್ಟು. ಅವನ ಎರಡೂ ಕಿವಿಯ ನರಗಳ ಮೇಲೆ ಗೆಡ್ಡೆ ಬೆಳೆದಿತ್ತು. ಆಪರೇಷನ್ನಿನಲ್ಲಿ ಗೆಡ್ಡೆಯ ಜೊತೆ ನರಗಳೂ ಹೋದವು; ಕಿವಿಗಳು ಅಲಂಕಾರಕ್ಕೆ ಉಳಿದವು. ಡಾಕ್ಟರು ಕಿವಿಯ ಆಸೆ ಬಿಟ್ಟು ನೇರ ನಡುಮಿದುಳಿಗೇ ಒಂದು ತಂತಿ ಇಳಿಸಿದರು. ಅಲ್ಲಿ ಹುಟ್ಟಿನಿಂದಲೇ ಇರುವ, ಬಟಾಣಿ ಗಾತ್ರದ ಒಂದು ಗಂಟು. ಅದರೊಳಗೆ ಸದ್ದುಗಳು ಈರುಳ್ಳಿಯ ಪದರದ ಹಾಗೆ ಒಂದರ ಕೆಳಗೊಂದು ಜಾಗ ಹಿಡಿದಿವೆ. ಗುಡುಗಿನಂಥ ದಪ್ಪ ಸದ್ದಿಗೆ ಮೇಲಿನ ಪದರ, ಸೀಟಿಯಂಥ ಕೀಚಲಿಗೆ ಆಳದ ಪದರ. ಇಲಿ, ಬೆಕ್ಕು, ಬಾವಲಿ, ಮನುಷ್ಯ, ಎಲ್ಲರಿಗೂ ಇದೇ ಏರ್ಪಾಡು. ಕಿವಿಯ ಹಿಂದೆ ಸಿಕ್ಕಿಸಿದ ಒಂದು ಯಂತ್ರ ಹೊರಗಿನ ಸದ್ದು ಹಿಡಿದು ತಂತಿಗೆ ಕರೆಂಟು ಕಳಿಸುತ್ತದೆ. ತಂತಿಯ ಮೇಲಿನ ಚುಕ್ಕೆಗಳು ಯಾವ ಪದರಕ್ಕೆ ಕರೆಂಟು ಮುಟ್ಟಿಸುತ್ತವೋ ಆ ಸದ್ದು ಕೇಳುತ್ತದೆ. ಯಾವ ಚುಕ್ಕೆ ಎಲ್ಲಿ ಕೂತಿದೆ ಅನ್ನುವುದನ್ನು ಮಾತ್ರ ರೋಗಿಯನ್ನೇ ಕೇಳಿ ತಿಳಿಯಬೇಕು.

ಕೇಳಿದವಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು. ಎರಡೆರಡು ಚುಕ್ಕೆಗಳನ್ನು ಮಿಡಿಸಿ, ಇವೆರಡರಲ್ಲಿ ಸಣ್ಣ ದನಿ ಯಾವುದು ಅಂತ ಬೋರ್ಡಿನ ಮೇಲೆ ಬರೆದಳು. ಅವನು ಬೆರಳು ತೋರಿಸುತ್ತ ಹೋದ. ಉತ್ತರಗಳೆಲ್ಲ ಪುಸ್ತಕಕ್ಕೆ ತಿರುಗುಮುರುಗು. ತಂತಿ ಓರೆಯಾಗಿ ಇಳಿದಿರಬೇಕು ಅಂದುಕೊಂಡ ಹುಡುಗಿ ಅವನು ತೋರಿಸಿದಂತೆಯೇ ಯಂತ್ರ ಹೊಂದಿಸಿ ಕಳಿಸಿಬಿಟ್ಟಳು.

ಅವತ್ತಿನಿಂದ ಶುರುವಾಯಿತು ಕರ್ಮ. ಬೀದಿಯ ಲಾರಿ ಸೊಳ್ಳೆಯ ಹಾಗೆ ಗುಂಯ್ ಅಂದಿತು. ಪಕ್ಕದ ಮನೆಯ ಕೂಸು ಅತ್ತರೆ ಗೂಳಿ ಗುಟುರು ಹಾಕಿದಂತಾಯಿತು. ಇದನ್ನೆಲ್ಲ ನಕ್ಕು ಸಹಿಸಬಹುದಿತ್ತು. ಹೆಂಡತಿಯ ದನಿಯನ್ನು ಸಹಿಸಲಾಗಲಿಲ್ಲ. ಔಷಧಿ ಅಂಗಡಿಯ ಕಿಟಕಿಯಲ್ಲಿ ಕೂತು ಸರದಿ ಕೂಗುವುದು ಅವಳ ಕೆಲಸ. ಮದುವೆಗೆ ಮುಂಚೆ ಆ ದನಿಗೆ ಮರುಳಾಗಿ ಇವನು ಇಲ್ಲದ ಜ್ವರಕ್ಕೆ ಮಾತ್ರೆ ಕೊಂಡುಕೊಂಡಿದ್ದ. ಈಗ ಅದೇ ಬಾಯಿಂದ ಹೊರಟದ್ದು ಕಟ್ಟಿದ ಮೋರಿ ಬಿಟ್ಟುಕೊಳ್ಳುವಾಗಿನ ಲೊಳಲೊಳ. ಊಟಕ್ಕೆ ಬನ್ನಿ ಅಂದರೆ ಸಾಕು, ಊಟವೇ ಬೇಡವಾಗುತ್ತಿತ್ತು.

ಹೇಸಿಗೆ ಹುಟ್ಟಿದ್ದು ಅವನ ತಪ್ಪಲ್ಲ, ಒಪ್ಪೋಣ. ಅದನ್ನು ಒಳಗೇ ನುಂಗಿಕೊಳ್ಳಬಹುದಿತ್ತಲ್ಲ, ಮಹರಾಯ! ಇವನು ಮುಖ ಸಿಂಡರಿಸಿದ. ಸಾಕು ಸಾಕು ಅಂತ ಕೈ ಅಡ್ಡ ಹಿಡಿದ. ಒಂದು ಸಲ ತಟ್ಟೆ ಬಿಟ್ಟೆದ್ದು ಹೋಗಿ ಬಚ್ಚಲಲ್ಲಿ ಉಗಿದು ಬಂದ. ಪಾಪದವಳು ಮೊದಮೊದಲು ಮೆಲ್ಲಗೆ ಮಾತಾಡಿ ನೋಡಿದಳು. ಆಮೇಲೆ, ನನ್ನ ಬಾಯಿಯೇ ವಾಸನೆಯೋ ಏನೋ ಅಂತ, ಮುಕ್ಕಳಿಸಿ ಬಂದು ಮಾತಾಡಿದಳು. ಆಮೇಲೆ ಬರೀ ಸನ್ನೆ. ಕೊನೆಗೆ ಅಂಗಡಿಯಲ್ಲೂ ಸರದಿ ಕೂಗಲಾರೆನೆಂದು ಒಳಗೆ ಡಬ್ಬಿ ಜೋಡಿಸುವ ಕೆಲಸ ಕೇಳಿಕೊಂಡಳು. ಮೋರಿಯಣ್ಣನಿಗೆ ಪೀಡೆ ತೊಲಗಿದಂತಾಯಿತು. ಛೀ, ಇವನ ಬಾಳಿಗಿಷ್ಟು!

ಮುಂದಿನ ತಪಾಸಣೆಗೆ ಒಬ್ಬನೇ ಹೋದ. ಈ ದರಿದ್ರವನ್ನು ಕಿತ್ತು ಹಾಕು ತಾಯಿ ಅಂದ. ಯಾಕೆಂದು ಹುಡುಗಿ ಬರೆದು ಕೇಳಿದಳು. ಲಾರಿ, ಕೂಸು, ಹೆಂಡತಿ, ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಅವನ ಹಳೆಯ ಉತ್ತರಗಳ ಹಾಳೆ ತೆಗೆದು ನೋಡಿ, ಸಣ್ಣ ದನಿ ಅಂದರೆ ನೀವು ಏನಂದುಕೊಂಡಿರಿ ಅಣ್ಣಾ ಅಂತ ಬರೆದಳು.

"ಮೆಲ್ಲಗಿರೋದು. ದೊಡ್ಡ ದನಿ ಅಂದ್ರೆ ಜೋರು. ಇನ್ನೇನು?"

ಹುಡುಗಿ ಹಣೆ ಚಚ್ಚಿಕೊಂಡಳು. ಅವಳ ಲೆಕ್ಕದಲ್ಲಿ ಸಣ್ಣ ದನಿ ಅಂದರೆ ತೆಳು ದನಿ, ಕೀಚಲು ದನಿ. ಆಳದ ಚುಕ್ಕೆಗಳು ಸೂಜಿಯ ಹಾಗೆ ಚುಚ್ಚಿದ್ದರಿಂದ ಇವನು ಅವನ್ನು ದೊಡ್ಡದು ಅಂದಿದ್ದ. ಮೇಲಿನವು ಹಿತವಾಗಿ ಗುನುಗಿದ್ದರಿಂದ ಸಣ್ಣದು ಅಂದಿದ್ದ. ಒಂದು ಮಾತಿನ ದೆಸೆಯಿಂದ ಇಡೀ ನಕ್ಷೆ ತಲೆಕೆಳಗಾಗಿ ಕೂತಿತ್ತು. ತಪ್ಪು ನನ್ನದು, ಬಿಡಿಸಿ ಕೇಳಬೇಕಿತ್ತು ಅಂತ ತಲೆ ತಗ್ಗಿಸಿ, ಅವಳು ನಕ್ಷೆಯನ್ನು ಸರಿಯಾಗಿ ಕೂರಿಸಿದಳು. ಮಾತು ತಿಳಿಯಲು ಎದುರಿನವರ ತುಟಿ ನೋಡಲೇಬೇಕಿತ್ತು, ಆದರೆ ದನಿಯಂತೂ ನೆಟ್ಟಗಾಯಿತು.

ಏದುಸಿರು ಬಿಡುತ್ತ ಮನೆಗೆ ಬಂದ. ಹೆಂಡತಿ ಬಟ್ಟೆ ಮಡಿಸುತ್ತ ಕೂತಿದ್ದಳು. ನಡೆದದ್ದನ್ನೆಲ್ಲ ಒದರಿ, ನಿನ್ನದೇನೂ ತಪ್ಪಿಲ್ಲ ಬಿಡು ಅಂದ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ. ಅವಳು ತಲೆಯಾಡಿಸಿ ಇನ್ನೊಂದು ಅಂಗಿ ಎತ್ತಿಕೊಂಡಳು.

"ಏನಾದ್ರೂ ಮಾತಾಡೇ," ಅಂತ ಗೋಗರೆದ.

ಅವಳು ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಅವನಿಗೆ ತುಟಿ ಕಾಣುವಂತೆ ತಿರುಗಿ ಕೂತಳು.

"ಯಂತ್ರ ಸರಿಹೋಯ್ತಲ್ಲ, ಒಳ್ಳೇದಾಯ್ತು. ನಾನು ಬಾಯಿ ತೆಗೆದಾಗೆಲ್ಲ ನಿಮ್ಮ ಮುಖ ಹೇಗಾಗ್ತಿತ್ತು ಅನ್ನೋದನ್ನ ನೀವು ನೋಡಿಲ್ಲ. ನಾನು ದಿನಾ ನೋಡಿದ್ದೀನಿ. ಈಗ ಆ ಮುಖ ಕಂಡ್ರೆ ನನಗೆ ವಾಕರಿಕೆ ಬರುತ್ತೆ."

ಅದು ಅವಳದೇ ದನಿ, ಅನುಮಾನವೇ ಇರಲಿಲ್ಲ. ಮಾತೂ ಒಂದೂ ತಪ್ಪದೆ ತಿಳಿಯಿತು. ಮೋರಿಯಣ್ಣ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತೋಚದೆ ಗೋಡೆಯ ಕಡೆ ತಿರುಗಿ ಕೂತ.