ತೊಟ್ಟಿಕಟ್ಟೆಯ ಮೂರು ಏಟು

ಠಕ್, ಠಕ್, ಠಕ್.

ಚಳಿಗಾಲದ ಪ್ರತಿ ಬೆಳಗ್ಗೆ ಚರ್ಚಿನ ಮುಂದಿನ ನೀರಿನ ತೊಟ್ಟಿಯ ಕಡೆಯಿಂದ ಈ ಸದ್ದು ಬರುತ್ತಿತ್ತು. ಎರ್ನಾ ತನ್ನ ಸ್ಕೀ ಹಲಗೆಗಳೆರಡನ್ನೂ ಜೋಡಿಸಿ ನೆಟ್ಟಗೆ ಹಿಡಿದು, ಅವುಗಳ ಬಾಲವನ್ನು, ಅಂದರೆ ಹಿಂತುದಿಯನ್ನು, ಕಲ್ಲಿನ ಕಟ್ಟೆಗೆ ಮೂರು ಸಲ ಕುಟ್ಟಿದಳೆಂದರೆ, ಚೌಕದ ಮೂಲೆಮೂಲೆಗಳಿಂದ ಪುಟ್ಟ ಮಕ್ಕಳು ತಲೆಗಿಂತ ದೊಡ್ಡ ಹೆಲ್ಮೆಟ್ಟು ಹೊತ್ತು ಕೋಳಿಮರಿಗಳ ಹಾಗೆ ಓಡಿ ಬರುತ್ತಿದ್ದರು. ಅವರಿಗೆ ಸ್ಕೀ ಕಲಿಸುವುದು ಅವಳ ಕೆಲಸ. ಗಂಟೆ, ಸೀಟಿ ಯಾವುದೂ ಅವಳಿಗೆ ಬೇಕಿರಲಿಲ್ಲ.

ಅದೇ ಚೌಕದ ಅಂಚಿಗೆ, ಸ್ಕೀ ಅಂಗಡಿಯ ನೆಲಮಾಳಿಗೆಯಲ್ಲಿ, ಬುರ್ಗಿಯ ರಿಪೇರಿ ಕೋಣೆ ಇತ್ತು. ಚರ್ಚಿನ ಪುಸ್ತಕದಲ್ಲಿ ಅವಳ ಹೆಸರು ವಾಲ್‌ಬುರ್ಗಾ; ಆದರೆ ಆ ಹೆಸರು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಬೀದಿಯ ಮಟ್ಟಕ್ಕೆ ಇದ್ದ ಒಂದು ಗೇಣು ಕಿಟಕಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಬರೀ ಬೂಟುಗಳು. ಕಟ್ಟೆಯ ಸದ್ದು ಕೇಳಿದಾಗ ಅವಳು, ಸ್ಕೀ ನುಣ್ಣಗೆ ಜಾರಲೆಂದು ಮೇಣ ಕರಗಿಸಿ ಬಳಿಯುವ ಇಸ್ತ್ರಿಯನ್ನು ಸ್ಕೀ ತಳದಿಂದ ಸ್ವಲ್ಪ ಎತ್ತಿ ಹಿಡಿಯುತ್ತಿದ್ದಳು. ಮೂರನೆಯ ಏಟು ಮುಗಿದ ಮೇಲೆ ಇಳಿಸುತ್ತಿದ್ದಳು. ಎರ್ನಾ ಅವಳ ಅಣ್ಣನ ಹೆಂಡತಿ. ಇಷ್ಟು ವರ್ಷಗಳಲ್ಲಿ ಅತ್ತಿಗೆಯ ಕಡೆಯಿಂದ ಅವಳ ಪಾಲಿಗೆ ಬರುತ್ತಿದ್ದದ್ದು ಆ ಮೂರು ಏಟು ಮಾತ್ರ.

ಫೆಬ್ರವರಿಯ ಒಂದು ಬೆಳಗ್ಗೆ ಸದ್ದು ಬೇರೆಯಾಗಿ ಬಂತು. ಠಕ್, ಠಕ್, ಠಪ್.

ಬುರ್ಗಿ ಇಸ್ತ್ರಿಯನ್ನು ಎತ್ತಿಯೇ ನಿಂತಳು. ಮೇಣದ ಹನಿಯೊಂದು ಅವಳ ಬೂಟಿನ ಮೇಲೆ ಬಿತ್ತು. ಒಳಗೆ ಅಂಟು ಬಿಟ್ಟ ಸ್ಕೀಯ ಸದ್ದು ಅದು. ಬಿರುಕು ಬಿಟ್ಟ ಮಡಕೆಯ ಸದ್ದನ್ನು ಯಾರಿಗೂ ಹೇಳಿಕೊಡಬೇಕಿಲ್ಲ, ಇದೂ ಹಾಗೆಯೇ.

ಮದುವೆಯಾಗದೆ ಉಳಿದ ಬುರ್ಗಿ ಹರೆಯವನ್ನೆಲ್ಲ ಕಣಿವೆಯ ಕೆಳಗಿನ ಸ್ಕೀ ಕಾರ್ಖಾನೆಯಲ್ಲಿ ಕಳೆದವಳು. ಮರ, ಗಾಜಿನ ನಾರಿನ ಬಟ್ಟೆ, ಅಂಚಿನ ಉಕ್ಕಿನ ಪಟ್ಟಿ, ತಳದ ಹಾಳೆ, ಇವನ್ನು ಅಂಟು ಹಚ್ಚಿ ಪದರ ಪದರವಾಗಿ ಜೋಡಿಸಿ ಬಿಸಿ ಒತ್ತುಯಂತ್ರಕ್ಕೆ ಕೊಡುವುದು ಅವಳ ಪಾಳಿಯ ಕೆಲಸವಾಗಿತ್ತು. ಕಾರ್ಖಾನೆ ಗಡಿಯಾಚೆಗೆ ಹೋಯಿತು, ಬುರ್ಗಿ ಹೋಗಲಿಲ್ಲ. ಅಂಟಿಸುತ್ತಿದ್ದವಳು ಬಿಟ್ಟುಹೋದದ್ದನ್ನು ಸರಿಮಾಡುವವಳಾದಳು.

ಈ ನೆಲಮಾಳಿಗೆಗೆ ಇಳಿದು ಬರುವವರೆಲ್ಲ ಒಂದೇ ಮಾತು ಹಿಡಿದು ಬರುತ್ತಿದ್ದರು: ಗ್ಯಾರಂಟಿ. ಬೇಸಿಗೆಯುದ್ದಕ್ಕೂ ಒದ್ದೆ ಸ್ಕೀಯನ್ನು ಚೀಲದಲ್ಲೇ ಕಟ್ಟಿಟ್ಟು, ಡಿಸೆಂಬರಿನಲ್ಲಿ ತೆರೆದು, ಅಂಚು ತುಕ್ಕು ಹಿಡಿದಿದೆ, ಕಂಪನಿಯದೇ ತಪ್ಪು ಎನ್ನುವವರು. ಕಾರಿನ ಮೇಲೆ ಸ್ಕೀ ಇದೆಯೆಂಬುದನ್ನೇ ಮರೆತು ತಗ್ಗು ಗ್ಯಾರೇಜಿಗೆ ನುಗ್ಗಿಸಿದವರು. ಹೋಟೆಲಿನ ಒಡತಿಯೊಬ್ಬಳು ತಳದಲ್ಲಿ ಬೆರಳು ತೂರುವಷ್ಟು ಗೀರು ಇಟ್ಟುಕೊಂಡು, ತಾನು ಕಲ್ಲನ್ನೇ ನೋಡಿಲ್ಲವೆಂದು ಮೇರಿ ತಾಯಿಯ ಮೇಲೆ ಆಣೆ ಹಾಕಿದ್ದಳು. "ನೀ ನೋಡದಿದ್ರೇನಂತೆ, ಕಲ್ಲು ನಿನ್ನ ನೋಡಿದೆಯಲ್ಲ ಮಾರಾಯ್ತಿ" ಎಂದು ಬುರ್ಗಿ ಗೀರಿಗೆ ಪ್ಲಾಸ್ಟಿಕ್ ಕರಗಿಸಿ ತುಂಬಿ, ಮಟ್ಟ ಮಾಡಿ ಕಳಿಸಿದ್ದಳು. ಗ್ಯಾರಂಟಿ ಎಂಬುದು ಸ್ಕೀ ಹುಟ್ಟುವಾಗಲೇ ಇದ್ದ ಐಬಿಗೆ ಮಾತ್ರ, ಬಾಳಿದ್ದಕ್ಕೆ ಅಲ್ಲ. ಇದನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ. ಹೇಳುವಾಗೆಲ್ಲ ಅವಳಿಗೇ ಒಂದು ಅನುಮಾನ ಒಳಗೆ ಉಳಿಯುತ್ತಿತ್ತು. ಹುಟ್ಟಿನ ಐಬು ಎಲ್ಲಿ ಮುಗಿದು ಬಾಳಿನ ಸವೆತ ಎಲ್ಲಿ ಶುರುವಾಗುತ್ತದೆ? ತಾನು ಒತ್ತಿದ ಸಾವಿರಾರು ಸ್ಕೀಗಳಲ್ಲಿ, ನೆಗಡಿ ಬಂದ ದಿನ ಅಂಟು ತುಸು ತೆಳುವಾಗಿ ಎಳೆದಿರಲಾರಳೇ? ಆ ಸ್ಕೀ ಎಲ್ಲೋ ಒಂದು ಕಲ್ಲಿಗೆ ತಾಗಿ ಬಾಯಿ ಬಿಟ್ಟಿದ್ದರೆ ತಪ್ಪು ಯಾರದು? ಕಲ್ಲಿನದೋ, ನೆಗಡಿಯದೋ?

ಎರ್ನಾಳ ವಿಷಯವೂ ಅವಳಿಗೆ ಹೀಗೆಯೇ ಬಗೆಹರಿದಿರಲಿಲ್ಲ.

ಅಣ್ಣ ಲೂಯಿಸ್ ಎರ್ನಾಳನ್ನು ಬಿಟ್ಟು ಕೆಳಗಿನ ಪಟ್ಟಣದ ಹೂವಿನಂಗಡಿಯವಳ ಜೊತೆ ಹೋಗಿ ನೆಲೆಸಿದ. ಅಲ್ಲೊಂದು ಮಗು ಹುಟ್ಟಿತು. ಮಗುವಿಗೆ ಹೆಸರಿಡುವ ದಿನ ತಂಗಿಯನ್ನು ಕರೆದ, ಬುರ್ಗಿ ಹೋದಳು. ಅಕ್ರೋಟಿನ ಕೇಕು ಕೊಟ್ಟರು, ತಿಂದಳು. ಮರುದಿನ ಬೇಕರಿಯಲ್ಲಿ ಎರ್ನಾ ಬ್ರೆಡ್ಡಿಗೆ ಕೈಚಾಚಿ ನಿಂತವಳು, ಹಿಂದಿದ್ದ ಬುರ್ಗಿಯ ಕಡೆ ತಿರುಗಿ ನೋಡದೆ ಕೇಳಿದಳು: "ಕೇಕು ಚೆನ್ನಾಗಿತ್ತಾ ನಿಮಗೆ?"

ಬೇಕರಿಯವನ ಕೈ ತಕ್ಕಡಿಯ ಮೇಲೆ ನಿಂತುಬಿಟ್ಟಿತು. ಆ ಊರಿನಲ್ಲಿ ಊರವರು ಒಬ್ಬರಿಗೊಬ್ಬರು 'ನೀವು' ಅನ್ನುವುದಿಲ್ಲ. ಆ ಮಾತು ಡಾಕ್ಟರಿಗೆ, ಪಾದ್ರಿಗೆ, ಹೊರಗಿನಿಂದ ಬಂದವರಿಗೆ. ಅದೂ ಬೆಟ್ಟದ ಬುಡದವರೆಗೆ ಮಾತ್ರ. ಸಾವಿರ ಮೀಟರು ಎತ್ತರ ದಾಟಿದ ಮೇಲೆ ಪಾದ್ರಿಯೂ ನೀನೇ, ಬ್ಯಾಂಕಿನ ಮ್ಯಾನೇಜರೂ ನೀನೇ, ಈಗಷ್ಟೇ ಸಿಕ್ಕ ಅಪರಿಚಿತನೂ ನೀನೇ. ಕೆಳಗಿಳಿದರೆ ಎಲ್ಲರೂ ತಮ್ಮ ತಮ್ಮ ಮರ್ಯಾದೆ ತೊಟ್ಟುಕೊಳ್ಳುತ್ತಾರೆ. ಅಂಥ ಊರಿನಲ್ಲಿ, ಕೂಡಿ ಆಲೂಗಡ್ಡೆ ಅಗೆದ, ಒಂದೇ ಹೊದಿಕೆಯಡಿ ಜ್ವರದಲ್ಲಿ ಮಲಗಿದ ಅತ್ತಿಗೆಯ ಬಾಯಲ್ಲಿ 'ನಿಮಗೆ'.

ಅಣ್ಣ ಕರೆದಾಗ ಹೋಗದಿರುವುದು ಹೇಗೆ? ಹೋದದ್ದು ತಪ್ಪೋ, ಕೇಕು ತಿಂದದ್ದು ತಪ್ಪೋ? ತಿಂದು ಚೆನ್ನಾಗಿದೆ ಅಂದದ್ದು ಎರ್ನಾಳ ಕಿವಿಗೆ ಬಿತ್ತೋ? ಬುರ್ಗಿ ಇದನ್ನು ಮೇಣದ ಜೊತೆ ಎಷ್ಟು ಸಲ ಕರಗಿಸಿದಳೋ. ಆರಿದಾಗ ಅದು ಮತ್ತೆ ಅದೇ ಗಡ್ಡೆ.

ಒಮ್ಮೆ ಮಾತ್ರ, ಹಿಂದಿನ ಚಳಿಗಾಲದಲ್ಲಿ, ಬೆಟ್ಟದ ಮೇಲೆ ನೂಕುನುಗ್ಗಲಲ್ಲಿ ಸ್ಕೀಗಾರರನ್ನು ಮೇಲಕ್ಕೊಯ್ಯುವ ತಂತಿಯ ಕುರ್ಚಿಯೊಂದು ಅವರಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಎತ್ತಿಕೊಂಡು ಹೋಗಿತ್ತು. ಎರ್ನಾ ಅಡ್ಡಕಂಬಿ ಎಳೆಯುತ್ತ, "ಕಾಲು ಎತ್ತು" ಅಂದಿದ್ದಳು. ಎತ್ತಿ ಅಲ್ಲ, ಎತ್ತು. ಆ 'ಎತ್ತು' ತನಗೆ ಅಂದದ್ದೋ, ಆ ಎತ್ತರದಲ್ಲಿ ಯಾರಿಗಾದರೂ ಅನ್ನುವಂಥದ್ದೋ, ಬುರ್ಗಿಗೆ ಇಂದಿಗೂ ತಿಳಿದಿರಲಿಲ್ಲ.

ಸದ್ದು ಒಡೆದ ಆ ದಿನ ಮಧ್ಯಾಹ್ನ ಕಿಟಕಿಯಲ್ಲಿ ಎರ್ನಾಳ ಕೆಂಪು ಬೂಟು ಬಂದು ನಿಂತಿತು, ಮುಂದೆ ಹೋಯಿತು, ತಿರುಗಿ ಬಂತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

"ಬಾಲ ಬಾಯಿ ಬಿಟ್ಟಿದೆ," ಎಂದಳು ಎರ್ನಾ, ಗೋಡೆಗೆ ಹೇಳುವ ಹಾಗೆ. "ತಗೊಂಡು ಇದು ಎರಡನೇ ಚಳಿಗಾಲ. ಸ್ವಲ್ಪ ನೋಡಬೇಕಿತ್ತು."

ನೀನೂ ಇಲ್ಲ, ನೀವೂ ಇಲ್ಲ. ನೋಡು ಅಲ್ಲ, ನೋಡಿ ಅಲ್ಲ, ನೋಡಬೇಕಿತ್ತು. ಬುರ್ಗಿಯ ಕೈಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಸ್ಕೀಯನ್ನು ಮೇಜಿನ ಮೇಲೆ ಇಡುವುದಕ್ಕೂ ಮೊದಲೇ, ಬಾಯಿಗೆ ಬಂದದ್ದು ಬಂದುಬಿಟ್ಟಿತು: "ಇದಕ್ಕೆ ಗ್ಯಾರಂಟಿ ಬರತ್ತೆ. ಹೊಸ ಜೋಡಿಯೇ ಬರತ್ತೆ. ಚಿಂತೆ ಬೇಡ."

"ನಿಜವಾಗ್ಲೂ?"

"ನಾನು ಹೇಳ್ತಿದೀನಲ್ಲ."

ಹೊಸದು ಬರುವವರೆಗೆ ಇರಲಿ ಎಂದು ತನ್ನ ಸ್ವಂತ ಸ್ಕೀ ತೆಗೆದು, ಬೂಟನ್ನು ಕಚ್ಚಿ ಹಿಡಿಯುವ ಕೊಂಡಿಗಳನ್ನು ಎರ್ನಾಳ ಅಳತೆಗೆ ಹೊಂದಿಸಿ ಕೊಟ್ಟಳು. ಎರ್ನಾ ಅದನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲ ಬಳಿ ನಿಂತು, "ಇಲ್ಲಿ ಸೆಕೆ" ಎಂದಷ್ಟೇ ಹೇಳಿ ಹೋದಳು.

ಅವಳು ಹೋದ ಮೇಲೆಯೇ ಬುರ್ಗಿ ಸ್ಕೀಯನ್ನು ದೀಪದಡಿ ಮಲಗಿಸಿ ನೋಡಿದ್ದು. ಬಾಲದ ತುದಿಗೆ ಕಾವಲಿದ್ದ ಪ್ಲಾಸ್ಟಿಕ್ಕಿನ ತುಂಡು ಹೋಗಿಯೇ ಬಹಳ ದಿನವಾಗಿತ್ತು. ಒಳಗಿನ ಪದರಗಳು ಹಲ್ಲುಜ್ಜುವ ಹಳೆಯ ಬ್ರಷ್ಷಿನ ಹಾಗೆ ಕೆದರಿ, ನೀರು ಕುಡಿದು, ಮರ ಊದಿಕೊಂಡು ಒಂದನ್ನೊಂದು ತಳ್ಳಿದ್ದವು. ಉಗುರಿನಿಂದ ಕೆರೆದರೆ ಬೂದುಬಣ್ಣದ ಪುಡಿ ಬಂತು. ತೊಟ್ಟಿಕಟ್ಟೆಯ ಕಲ್ಲು.

ಅವಳು ಮುಕ್ಕಾಲಿಯ ಮೇಲೆ ಕುಳಿತುಬಿಟ್ಟಳು. ದಿನಾ ಬೆಳಗ್ಗೆ ಇಸ್ತ್ರಿ ಎತ್ತಿ ಹಿಡಿದು ತಾನು ಕಾದು ಕೇಳುತ್ತಿದ್ದದ್ದು ಇದನ್ನೇ. ಬೇರೆ ಯಾರಾದರೂ ಹೀಗೆ ಕುಟ್ಟಿದ್ದರೆ ಅಂದೇ ಹೊರಗೆ ಓಡಿ ಬೈದು ಬರುತ್ತಿದ್ದಳು. ಕೇಳಿದ್ದು ತನಗೆ ಹಿತವಾಗಿತ್ತು. ಆದ್ದರಿಂದ ಕೇಳಿಯೂ ಕೇಳಿರಲಿಲ್ಲ. ಈಗ ಮಾತು ಕೊಟ್ಟಾಗಿದೆ. ವರ್ಷಗಳ ಮೇಲೆ ಆ ಮೆಟ್ಟಿಲು ಇಳಿದು ಬಂದವಳಿಗೆ ಕೊಟ್ಟ ಮೊದಲ ಮಾತು. ಅದು ಸುಳ್ಳಾದರೆ ಆ ಕೆಂಪು ಬೂಟು ಈ ಕಿಟಕಿಯಲ್ಲಿ ಮತ್ತೆ ನಿಲ್ಲುವುದಿಲ್ಲ.

ಆ ವಾರವೇ ಬೆಟ್ಟದ ಮೇಲಿನ ಛತ್ರದಲ್ಲಿ, ಆ ಸ್ಕೀ ಕಂಪನಿಯ ಕಡೆಯಿಂದ ಅಂಗಡಿಗಳನ್ನು ನೋಡಿಕೊಳ್ಳುವ ಪ್ಲಾಟ್ನರ್ ಅವಳಿಗೆ ಸಿಕ್ಕ. ಬಾರ್ಲಿ ಸಾರಿಗೆ ಬ್ರೆಡ್ಡು ಮುರಿದು ಹಾಕಿಕೊಳ್ಳುತ್ತ ಅವಳ ಮಾತನ್ನೆಲ್ಲ ಕೇಳಿ, ಚಮಚ ಆಡಿಸುತ್ತ ನಕ್ಕ.

"ಗ್ಯಾರಂಟಿ ಅನ್ನೋ ಮಾತು ಮರೆತುಬಿಡು ಬುರ್ಗಿ. ಆದ್ರೆ ಕುಲಾಂಟ್ಸ್ ಅಂತ ಒಂದು ಇದೆಯಲ್ಲ. ಎತ್ತಿಡು, ಬಂದು ನೋಡ್ತೀನಿ. ನಿನಗೆ ಇಲ್ಲ ಅಂತೀನಾ?"

ಕುಲಾಂಟ್ಸ್ ಎಂದರೆ ಕಂಪನಿಯ ದೊಡ್ಡಮನಸ್ಸು. ಕೊಡಬೇಕಾಗಿಲ್ಲದಿದ್ದರೂ ಕೊಡುವುದು. ಹಕ್ಕೆಂದು ಕೇಳಿದರೆ ಆ ಕ್ಷಣವೇ ಅದು ಇಲ್ಲವಾಗುತ್ತದೆ. ಸುಮ್ಮನಿದ್ದವರಿಗೆ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಬುರ್ಗಿ ಹಗುರಾಗಿ ಬೆಟ್ಟ ಇಳಿದಳು. ಅರ್ಧ ದಾರಿಯಲ್ಲಿ, ಆ 'ನಿನಗೆ ಇಲ್ಲ ಅಂತೀನಾ' ಪ್ಲಾಟ್ನರ್ ಅಂದದ್ದೋ ಬೆಟ್ಟ ಅಂದದ್ದೋ ಎಂಬ ಅನುಮಾನ ಅವಳ ಬೆನ್ನು ಹತ್ತಿತು.

ಎರಡು ದಿನ ಬಿಟ್ಟು ಬೆಳಗ್ಗೆಯೇ ಪ್ಲಾಟ್ನರ್ ನೆಲಮಾಳಿಗೆಗೆ ಇಳಿದು ಬಂದ. ಟೋಪಿ ತೆಗೆದ. "ನಮಸ್ಕಾರ, ಹೇಗಿದ್ದೀರಿ?" ಎಂದ.

ಬೆಟ್ಟದ ಕೆಳಗಿನ ಮಾತು. ಬುರ್ಗಿ ಸ್ಕೀಯನ್ನು ಮೇಜಿನ ಮೇಲಿಟ್ಟಳು. ಅವನು ಕನ್ನಡಕ ಏರಿಸಿ, ಬಾಲವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಪದರಗಳನ್ನು ಅಗಲಿಸಿದ. ಬೂದುಪುಡಿ ಅವನ ಬೆರಳಿಗೂ ಹತ್ತಿತು. ಅದನ್ನು ಅವನು ಬಹಳ ಹೊತ್ತು ನೋಡಿದ.

"ಇದನ್ನ ಎಲ್ಲಾದ್ರೂ ಕುಟ್ತಾರಾ?"

ಅಂಟು ಒಳ್ಳೆಯದಿದ್ದರೆ ಕುಟ್ಟಿದರೂ ಇಷ್ಟು ಬೇಗ ಬಿಡಬಾರದು, ಅಲ್ಲವೇ ಎಂದು ಬುರ್ಗಿ ಮೆಲ್ಲಗೆ ಕೇಳಿದಳು. ಅವನು, ಇರಬಹುದು ಎಂದ. ಕುಟ್ಟದಿದ್ದರೆ ಎಂಥ ಅಂಟಾದರೂ ಹತ್ತು ವರ್ಷ ಬರುತ್ತಿತ್ತು ಎಂಬುದೂ ಇರಬಹುದು ಎಂದ. ಕಾರ್ಖಾನೆಗೆ ಕಳಿಸಿ ಸೀಳಿ ನೋಡಿದರೂ ಎರಡರಲ್ಲಿ ಯಾವುದು ಮೊದಲು ಎಂದು ಯಾರಿಗೂ ಹೇಳಲಾಗುವುದಿಲ್ಲವಂತೆ. ಬುರ್ಗಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನ ಬಾಯಲ್ಲಿ ಕೇಳಿ ಇನ್ನಷ್ಟು ಗೊಂದಲವಾಯಿತು.

ಪ್ಲಾಟ್ನರ್ ಕೈ ಒರೆಸಿಕೊಂಡ. ಅವನು ಕೆಟ್ಟವನಲ್ಲ. ದನಿ ತಗ್ಗಿಸಿ ಹೇಳಿದ: "ನೋಡಿ, ನಿಮ್ಮ ಮಾತಿಗೆ ಕಂಪನಿಯಲ್ಲಿ ಬೆಲೆ ಇದೆ. ಒತ್ತುಯಂತ್ರದಲ್ಲಿ ದುಡಿದವರು ನೀವು. ಕಲ್ಲಿಗೆ ಬಡಿದದ್ದಲ್ಲ ಅಂತ ಒಂದು ಮಾತು ಹೇಳಿಬಿಡಿ. ನಾನು ಅದನ್ನೇ ಮೇಲಕ್ಕೆ ಹೇಳ್ತೀನಿ. ಹೊಸ ಜೋಡಿ ಬರತ್ತೆ."

ಇಷ್ಟೇ. ಒಂದು ಮಾತು. ಕೊಟ್ಟ ಮಾತು ಉಳಿಯುತ್ತದೆ. ಎರ್ನಾ ಮತ್ತೆ ಮೆಟ್ಟಿಲು ಇಳಿದು ಬರುತ್ತಾಳೆ. ಹೊಸ ಸ್ಕೀ ಕೈಗೆತ್ತಿಕೊಂಡು ಆಗ 'ನೀನು' ಅನ್ನಬಹುದು. ಅಂದರೆ ಅದು ತನಗೋ, ಸ್ಕೀಗೋ? ಅಣ್ಣನ ಮನೆಯ ಕೇಕು ತಿಂದವಳೇ ಇಂದು ಅತ್ತಿಗೆಗಾಗಿ ಸುಳ್ಳು ಹೇಳಿದರೆ ಲೆಕ್ಕ ಸರಿಹೋಗುತ್ತದೆಯೋ? ಬುರ್ಗಿ ಬಾಯಿ ತೆರೆದಳು.

ಠಕ್, ಠಕ್, ಠಕ್.

ತೊಟ್ಟಿಯ ಕಡೆಯಿಂದ. ಗಟ್ಟಿಯಾಗಿ, ಒಂದೇ ಸಮನಾಗಿ. ಕಿಟಕಿಯಲ್ಲಿ ಪುಟ್ಟ ಪುಟ್ಟ ಬೂಟುಗಳು ಓಡಿದವು. ಅದು ಬುರ್ಗಿಯದೇ ಸ್ಕೀ. ಎರ್ನಾ ಅದನ್ನು ಎಂದಿನ ಹಾಗೆ ಕಲ್ಲಿಗೆ ಕುಟ್ಟುತ್ತಿದ್ದಳು, ಯಾವ ಅಳುಕೂ ಇಲ್ಲದೆ, ಮನೆಯವರ ವಸ್ತುವನ್ನು ಬಳಸುವ ಹಾಗೆ.

ಪ್ಲಾಟ್ನರ್ ತಲೆ ಎತ್ತಿ ಕಿಟಕಿಯನ್ನು ನೋಡಿದ. ಸ್ಕೀಯ ಬಾಲವನ್ನು ನೋಡಿದ. "ಅದೇನು ಸದ್ದು?"

"ಅದೇ," ಎಂದಳು ಬುರ್ಗಿ.

"ಅದೇ ಅಂದ್ರೆ?"

"ಇದು. ನಿಮ್ಮ ಕೈಯಲ್ಲಿ ಇರೋದು. ದಿನಾ ಕುಟ್ತಾಳೆ. ನಾನು ದಿನಾ ಕೇಳಿದೀನಿ."

ಅವನು ನಿಟ್ಟುಸಿರುಬಿಟ್ಟ. ಹಾಗಿದ್ದರೆ ಇನ್ನು ಏನೂ ಮಾಡಲಾಗದು, ಕುಲಾಂಟ್ಸಿಗೂ ಒಂದು ಮಿತಿ ಇದೆ ಎಂದು ಬೇಸರದಿಂದ ವಿವರಿಸತೊಡಗಿದ. ಬಾಲಕ್ಕೆ ಹೊಸ ಅಂಟು ತುಂಬಿ, ಬಿಗಿಯಾಗಿ ಕಚ್ಚಿಸಿ ಒಣಗಿಸಿದರೆ ಈ ಚಳಿಗಾಲ ಕಳೆಯಬಹುದು, ಆದರೆ ಅದಕ್ಕೆ ಯಾವ ಭರವಸೆಯನ್ನೂ ತಾನು ಕೊಡಲಾರೆ ಎಂದ. ಬುರ್ಗಿ ಏಪ್ರನ್ ಬಿಚ್ಚಿದಳು. ಎರ್ನಾಳಿಗೆ ಹೇಳಬೇಕಾದದ್ದು ಎರಡಿತ್ತು: ಹೊಸದು ಬರುವುದಿಲ್ಲ, ನಾನು ದುಡುಕಿ ಮಾತು ಕೊಟ್ಟೆ ಎಂಬುದು ಒಂದು; ಹಾಗೆ ಕುಟ್ಟಬೇಡ ಎಂಬುದು ಇನ್ನೊಂದು. ಕುಟ್ಟಬೇಡ ಎಂದರೆ ಆಗಲೇ ನೀನು ಅಂದ ಹಾಗಾಯಿತು. ಕುಟ್ಟಬೇಡಿ ಎಂದು ಹೇಳಲು ಅವಳಿಗೆ ಬಾಯಿ ಬರುವಂತಿರಲಿಲ್ಲ. ಎರ್ನಾ ಯಾವ ಮಾತಿನಲ್ಲಿ ತಿರುಗಿ ಅನ್ನುವಳೋ ಗೊತ್ತಿರಲಿಲ್ಲ. ಕುಟ್ಟುವುದು ನಿಂತರೆ ನಾಳೆಯಿಂದ ಬೆಳಗ್ಗೆ ತಾನು ಏನನ್ನು ಕೇಳಬೇಕೋ, ಅದೂ ಗೊತ್ತಿರಲಿಲ್ಲ.

"ಇನ್ನೊಂದು ದಾರಿ ಇದೆ ನೋಡಿ," ಎನ್ನುತ್ತಿದ್ದ ಪ್ಲಾಟ್ನರ್, "ಹಳೇ ಜೋಡಿ ಕೊಟ್ಟು ಹೊಸದು ತಗೊಳ್ಳೋರಿಗೆ ನಮ್ಮಲ್ಲಿ ಒಂದು..."

ಬುರ್ಗಿ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.